ಮೇನ್ ಆಫ್ ಮಾಡದ ಮಹಾಶಯರು

ಕರೆಂಟಿಗೆ ಹೆದರುವವರು ನನ್ನ ಅಂಗಡಿಗೆ ಬರುವುದು ಅಪರೂಪ. ಅವರು ವೈರ್‌ಮನ್‌ಗೆ ಫೋನ್ ಮಾಡಿ, ಅವನು ಬರುವ ತನಕ ಮೇಣದಬತ್ತಿ ಹಚ್ಚಿಕೊಂಡು ಕ್ಷೇಮವಾಗಿ ಕೂತಿರುತ್ತಾರೆ. ನನ್ನಲ್ಲಿಗೆ ಬರುವವರು ಹೆದರದವರು. ಭಾನುವಾರ ತಿಂಡಿ ತಿಂದು, ಲುಂಗಿ ಮೇಲೆತ್ತಿ ಕಟ್ಟಿ, ಇಷ್ಟಕ್ಕೆಲ್ಲ ವೈರ್‌ಮನ್ ಯಾಕೆ, ಮೊಬೈಲಿನಲ್ಲಿ ವಿಡಿಯೋ ನೋಡಿದ್ದೇನೆ ಅನ್ನುವ ಪೈಕಿ. ಇವರಿಗೆ ಶಿಕಾರಿಪುರದಲ್ಲೂ ಬರವಿಲ್ಲ, ಸೊರಬದಲ್ಲೂ ಬರವಿಲ್ಲ. ಒಬ್ಬರಿಗೆ ಬುದ್ಧಿ ಬಂತು ಅನ್ನುವಷ್ಟರಲ್ಲಿ ಇನ್ನೊಬ್ಬರು ಕಟಿಂಗ್ ಪ್ಲೇಯರ್ ಕೊಳ್ಳಲು ಮೆಟ್ಟಿಲು ಹತ್ತಿರುತ್ತಾರೆ.

ನನ್ನ ತವರು ಸೊರಬ, ಕೊಟ್ಟಿದ್ದು ಶಿಕಾರಿಪುರಕ್ಕೆ. ನಾನು ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದಿದವಳು. ನಮ್ಮ ಬ್ಯಾಚಿನಲ್ಲಿ ಹುಡುಗಿಯರು ಇಬ್ಬರೇ, ಇನ್ನೊಬ್ಬಳು ಈಗ ಟೈಲರಿಂಗ್ ಮಾಡುತ್ತಾಳೆ. ನಮ್ಮ ಯಜಮಾನರು ಲೈಸೆನ್ಸ್ ಇರುವ ವೈರ್‌ಮನ್. ಬೆಳಿಗ್ಗೆ ಬೈಕ್ ಹತ್ತಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಎಲೆಕ್ಟ್ರಿಕಲ್ ಅಂಗಡಿಯ ಕೌಂಟರ್ ನನ್ನದು. ಬಂದ ಗಿರಾಕಿ ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, ಗಂಡಸರು ಯಾರೂ ಇಲ್ವೇನಮ್ಮ ಅಂತ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಆಮೇಲೆ ಅವರು ಮಾಡಹೊರಟ ಕೆಲಸ ಏನು ಅಂತ ಕೇಳಿದ ಮೇಲೆ, ಇರುವ ಗಂಡಸರೇ ಸಾಕು ಅನ್ನಿಸುತ್ತದೆ.

ಸನ್ಮಾನದ ಫೋಟೋ

ನಮ್ಮ ಬಡಾವಣೆಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ಟರ್ ಇದ್ದಾರೆ. ಯಾವುದೋ ಸಂಘದವರು ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರು. ಅವರು ಆ ಫೋಟೋವನ್ನು ಕಿಟಕಿಯಷ್ಟು ದೊಡ್ಡದು ಮಾಡಿಸಿ ಗಾಜು ಹಾಕಿಸಿದರು. ಅದನ್ನು ತೂಗುಹಾಕಲೆಂದೇ ಆನ್‌ಲೈನಿನಲ್ಲಿ ಒಂದು ಡ್ರಿಲ್ಲಿಂಗ್ ಮಷಿನ್ ತರಿಸಿ, ಸ್ಕ್ರೂ ಕೊಳ್ಳಲು ನನ್ನ ಅಂಗಡಿಗೆ ಬಂದರು.

ಗೋಡೆಯ ಯಾವ ಜಾಗದಲ್ಲಿ ತೂತು ಹೊಡೆಯುತ್ತೀರಿ ಅಂತ ಕೇಳಿದೆ. ಹಾಲಿನಲ್ಲಿ, ಸ್ವಿಚ್ ಬೋರ್ಡಿನ ನೇರ ಮೇಲೆ, ಬಂದವರಿಗೆ ಮೊದಲು ಅದೇ ಕಾಣಬೇಕು ಅಂದರು. ಬೋರ್ಡಿನಿಂದ ಮೇಲಕ್ಕೆ ಗೋಡೆಯೊಳಗೆ ಪೈಪು ಹೋಗಿರುತ್ತದೆ, ಅದರೊಳಗೆ ವೈರು ಇರುತ್ತದೆ, ಆ ನೇರ ಬಿಟ್ಟು ಎರಡು ಮೊಳ ಪಕ್ಕಕ್ಕೆ ಹೊಡೆಯಿರಿ ಅಂದೆ. ಏಳನೇ ಕ್ಲಾಸಿನಲ್ಲಿ ಫೇಲಾದ ಹುಡುಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. ತಾವು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವರು ಅಂತ ತಿಳಿಸಿ, ಸ್ಕ್ರೂ ಜೇಬಿಗೆ ಹಾಕಿಕೊಂಡು ಹೋದರು.

ಮನೆಗೆ ಹೋಗಿ ಸ್ಟೂಲು ಹತ್ತಿ ಡ್ರಿಲ್ ಒತ್ತಿದ್ದಾರೆ. ಗೋಡೆಯಲ್ಲಿ ಚಟಕ್ ಅಂದಿದೆ, ಫ್ಯಾನ್ ನಿಂತಿದೆ. ಕರೆಂಟ್ ಹೋಯಿತು ಅಂದುಕೊಂಡು ಹೋಗಿ ನೋಡಿದರೆ ಮೇನ್ ಬೋರ್ಡಿನಲ್ಲಿ, ಲೈನ್ ಕೆಟ್ಟರೆ ತಾನಾಗಿ ಆಫ್ ಆಗುವ ಎಂಸಿಬಿ ಸ್ವಿಚ್ಚು ಕೆಳಗೆ ಬಿದ್ದಿದೆ. ಎತ್ತಿ ಹಾಕಿದ್ದಾರೆ. ಮೊದಲ ತೂತಿನಲ್ಲಿ ಕಲ್ಲು ಸಿಕ್ಕಿರಬೇಕು ಅಂತ ಒಂದು ಬೆರಳು ಮೇಲೆ ಇನ್ನೊಂದು ತೂತು ಹೊಡೆದಿದ್ದಾರೆ. ಮತ್ತೆ ಚಟಕ್. ಮತ್ತೆ ಎತ್ತಿ ಹಾಕಿ, ಮೂರನೆಯದು. ಮೂರನೇ ಸಲ ಕತ್ತಲಾದ ಮೇಲೆ ಅವರಿಗೆ ತಾಳ್ಮೆ ಕೆಟ್ಟು, ಕರೆಂಟ್ ಆಫೀಸಿಗೆ ಫೋನ್ ಮಾಡಿ, ನಾನು ಕೆಲಸ ಶುರು ಮಾಡಿದಾಗಲೇ ಲೈನ್ ತೆಗೆಯುತ್ತೀರಲ್ಲ, ಏನು ದ್ವೇಷ ಅಂತ ಬೈದರಂತೆ.

ಲೈನ್‌ಮನ್ ಬಂದು ನೋಡಿದ. ಬೀದಿಗೆಲ್ಲ ಕರೆಂಟ್ ಇದೆ. ಒಳಗೆ ಬಂದರೆ ಸ್ವಿಚ್ ಬೋರ್ಡಿನ ಮೇಲೆ ಮೂರು ತೂತು, ಕೊಳಲಿನ ಹಾಗೆ ಸಾಲಾಗಿ, ಮೂರರ ಬಾಯಿಗೂ ಮಸಿ. ಅವನು ನಮ್ಮ ಯಜಮಾನರಿಗೆ ಫೋನ್ ಮಾಡಿದ. ಇವರು ಹೋಗಿ ಗೋಡೆ ಒಡೆದು ವೈರು ಬದಲಾಯಿಸಿದರು. ಈ ಎಂಸಿಬಿ ಜಾಗದಲ್ಲಿ ಹಳೇ ಕಾಲದ ಫ್ಯೂಸಿಗೆ ದಪ್ಪ ತಂತಿ ಸುತ್ತಿಟ್ಟಿದ್ದರೆ ಇವತ್ತು ನೀವು ಸ್ಟೂಲಿನಿಂದ ಇಳಿಯುತ್ತಿದ್ದ ರೀತಿಯೇ ಬೇರೆ ಅಂತ ಮೇಷ್ಟರಿಗೆ ವಿವರಿಸಿದರು.

ಪಕ್ಕದಲ್ಲೇ ಇದ್ದ ಮೇಷ್ಟರ ಹೆಂಡತಿ, ಗೋಡೆಗೆ ಒರಗಿಸಿಟ್ಟಿದ್ದ ಫೋಟೋದ ಕಡೆ ನೋಡಿ ಹೇಳಿದರಂತೆ, "ಹಾರ ಹಾಕಿರೋ ಫೋಟೋ ರೆಡಿನೇ ಇತ್ತು ಬಿಡಿ. ಬೇರೆ ಮಾಡಿಸೋ ಕೆಲಸ ಇರ್ತಿರಲಿಲ್ಲ."

ಧೈರ್ಯ ಇರುವ ಸ್ವಿಚ್ಚು

ಒಬ್ಬ ಅಡಿಕೆ ವ್ಯಾಪಾರಿ ಬಂದು ಕೌಂಟರಿನ ಮೇಲೆ ಒಂದು ಸ್ವಿಚ್ಚು ಇಟ್ಟರು. ನಮ್ಮಲ್ಲೇ ಕೊಂಡಿದ್ದು. ಎಲ್ಲಾದರೂ ಕರೆಂಟ್ ಸೋರಿ ಮನುಷ್ಯರಿಗೆ ತಾಗುವ ಹಾಗಿದ್ದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಲೈನ್ ಕಡಿದುಹಾಕುವ ಸೇಫ್ಟಿ ಸ್ವಿಚ್ಚು ಅದು.

"ಇದು ಭಾಳ ಅಂಜುಬುರುಕ ಐತ್ರೀ," ಅಂದರು. "ನಮ್ಮನೇರು ಗೀಸರ್ ಹಾಕಿದ ಕೂಡ್ಲೇ ಬಿದ್ದುಬಿಡ್ತತಿ. ಸ್ವಲ್ಪ ಧೈರ್ಯ ಇರೋದು ಇದ್ರೆ ಕೊಡ್ರಿ."

ಅಂಜುವುದೇ ಅದರ ಕೆಲಸ, ಗೀಸರ್ ಹಾಕಿದಾಗ ಬೀಳುತ್ತಿದೆ ಅಂದರೆ ಗೀಸರಿನಲ್ಲಿ ಕರೆಂಟ್ ಸೋರುತ್ತಿದೆ ಅಂದೆ. ಹಾಗಾದರೆ ಈಗ ಅದರ ಜಾಗದಲ್ಲಿ ಏನಿದೆ ಅಂತ ಕೇಳಿದೆ. ಏನೂ ಇಲ್ಲವಂತೆ. ಅವರೇ ಸ್ವಿಚ್ಚು ಕಿತ್ತು, ವೈರಿಗೆ ವೈರು ತಿರುಚಿ ಕೂಡಿಸಿದ್ದಾರಂತೆ. ಕೀಳುವಾಗ ಮೇನ್ ಆಫ್ ಮಾಡಿದ್ದಿರಾ ಅಂದರೆ, ಅದಕ್ಕೆಲ್ಲ ಟೈಮ್ ಎಲ್ಲಿದೆ ಅಂದರು. ಮೊದಲು ಮನೆಗೆ ಫೋನ್ ಮಾಡಿ ಗೀಸರ್ ಹಾಕಬೇಡಿ ಅಂತ ಹೇಳಿ ಅಂದೆ. ನೋಡೋಣ ಅಂತ ಎದ್ದು ಹೋದರು. ಅಂಜುಬುರುಕ ಸ್ವಿಚ್ಚು ನನ್ನ ಕೌಂಟರಿನ ಮೇಲೆ ಉಳಿಯಿತು.

ನನಗೆ ಸಮಾಧಾನವಾಗಲಿಲ್ಲ. ಯಾರನ್ನೋ ಕೇಳಿ ಅವರ ಮನೆಯ ನಂಬರ್ ಹುಡುಕಿ ಹೆಂಡತಿಗೇ ಫೋನ್ ಮಾಡಿದೆ. ಆಕೆ ಅರ್ಧ ಗಂಟೆಯಲ್ಲಿ ಅಂಗಡಿಗೆ ಬಂದರು. ಒಂದು ತಿಂಗಳಿಂದ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಂ ಅನ್ನುತ್ತಿದೆಯಂತೆ. ಗಂಡನಿಗೆ ಹೇಳಿದರೆ ಅದು ವಾಯು ಅಂದನಂತೆ. ಕೈಗೆ ಹಚ್ಚಲು ಎಣ್ಣೆ ತಂದುಕೊಟ್ಟಿದ್ದಾನೆ. ಆಲೂಗಡ್ಡೆ, ಅವರೆಕಾಳು ತಿನ್ನುವುದನ್ನು ಬಿಡಿಸಿದ್ದಾನೆ. ಅವನಿಗೆ ಮಾತ್ರ ಏನೂ ಆಗುತ್ತಿಲ್ಲ, ಯಾಕೆಂದರೆ ನೆಲ ತಣ್ಣಗಿರುತ್ತದೆ ಅಂತ ರಬ್ಬರ್ ಚಪ್ಪಲಿ ಹಾಕಿಕೊಂಡೇ ಸ್ನಾನ ಮಾಡುವ ಪ್ರಾಣಿ ಅದು.

ನಮ್ಮ ಯಜಮಾನರನ್ನು ಆಗಲೇ ಕಳಿಸಿದೆ. ಗೀಸರಿನ ಒಳಗೆ ಕಾಯಿಲ್ ಸುಟ್ಟು ಒಡೆದಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ಬಣ್ಣದ ಅರ್ಥಿಂಗ್ ವೈರನ್ನು, ಹೆಚ್ಚುವರಿ ಇದೆ ಅಂತ ವ್ಯಾಪಾರಿಯೇ ಕತ್ತರಿಸಿ ಹಾಕಿದ್ದರು. ತಿಂಗಳಿಡೀ ಆ ಹೆಂಗಸು ಬದುಕಿದ್ದು ಆ ಅಂಜುಬುರುಕನ ದಯೆಯಿಂದ. ಎಲ್ಲ ಸರಿ ಮಾಡಿ, ಸ್ವಿಚ್ಚನ್ನು ಅದರ ಜಾಗದಲ್ಲಿ ಕೂರಿಸಿ ಬಂದರು. ಇದು ಮತ್ತೆ ಬಿದ್ದರೆ ಏನು ಮಾಡಲಿ ಅಂತ ಆಕೆ ಕೇಳಿದ್ದಕ್ಕೆ, ಮನೆಯಲ್ಲಿ ಏನು ಕೆಟ್ಟಿದೆ ಅಂತ ನೋಡಿ ಅದನ್ನು ಹೊರಗಿಡಿ ಅಂದಿದ್ದೆ.

ಎರಡು ವಾರ ಬಿಟ್ಟು ವ್ಯಾಪಾರಿ ಬಂದರು. ದನಿ ಇಳಿದಿತ್ತು.

"ನಿನ್ನೆ ಮತ್ತೆ ಬಿತ್ರೀ. ಇಸ್ತ್ರಿ ಪೆಟ್ಟಿಗೆ ಹೊರಗೆ ಇಟ್ಟಾಳೆ. ಇನ್ನೊಂದ್ಸಲ ಬಿದ್ರೆ ನಿಮ್ದೇ ಪಾಳಿ ಅಂತಾಳೆ. ನೀವೇ ಹೇಳಿದ್ರಂತೆ."

ಬ್ಯಾಂಡೇಜು

ತೊಗರ್ಸಿ ಕಡೆಯ ಒಬ್ಬ ಕಂಪೌಂಡರ್. ಮನೆ ಮುಂದೆ ಬೇಲಿಗಿಡ ಬೆಳೆಸಿ, ಅದನ್ನು ಸಮ ಕತ್ತರಿಸಲು ಕರೆಂಟಿನ ಕತ್ತರಿ ಮಷಿನ್ ತಂದಿದ್ದರು. ಮೊದಲ ದಿನವೇ ಬೇಲಿಯ ಜೊತೆಗೆ ಮಷಿನಿನ ವೈರನ್ನೂ ಕತ್ತರಿಸಿದರು. ವೈರನ್ನು ಹೆಗಲ ಮೇಲೆ ಹಾಕಿ ಬೆನ್ನ ಹಿಂದೆ ಬಿಟ್ಟುಕೊಳ್ಳಬೇಕು ಅಂತ ಡಬ್ಬಿಯ ಮೇಲೆ ಚಿತ್ರವೇ ಇದೆ. ಡಬ್ಬಿಯಲ್ಲಿ ಅವರ ಹೆಂಡತಿ ಈರುಳ್ಳಿ ತುಂಬಿಟ್ಟಿದ್ದರು.

ಕಡಿದುಹೋದ ವೈರಿನ ಎರಡು ತುದಿ ತಿರುಚಿ, ಹತ್ತಿ ಇಟ್ಟು, ಆಸ್ಪತ್ರೆಯ ಬಿಳಿ ಪಟ್ಟಿಯನ್ನು ಅಚ್ಚುಕಟ್ಟಾಗಿ ಸುತ್ತಿದರು. ಮಾರನೇ ದಿನ ಬೆಳಿಗ್ಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಎಳೆದಾಡಿದಾಗ ಹತ್ತಿ ನೀರು ಕುಡಿಯಿತು. ಇವರು ಸರಿಯಾಗಿ ಆ ಪಟ್ಟಿಯ ಜಾಗಕ್ಕೇ ಕೈ ಹಾಕಿದರು. ಎರಡು ಮಾರು ದೂರ ಹೋಗಿ ಬಿದ್ದು ವೈರು ಕೈಬಿಟ್ಟಿದ್ದರಿಂದ ಉಳಿದರು. ತೋರುಬೆರಳಿನ ತುದಿ ಸುಟ್ಟಿತ್ತು.

ಅದೇ ಬೆರಳು ಎತ್ತಿ ಹಿಡಿದುಕೊಂಡು ಅಂಗಡಿಗೆ ಬಂದು ಇನ್ಸುಲೇಷನ್ ಟೇಪು ಕೇಳಿದರು. ಅಂತೂ ಬುದ್ಧಿ ಬಂತಲ್ಲ ಅಂತ ಖುಷಿಯಾಗಿ ಕೊಟ್ಟೆ. ಜೋಡಿಸಿದ ವೈರು ತೋಟದ ಕೆಲಸಕ್ಕೆ ಬೇಡ, ಪೂರ್ತಿ ಹೊಸ ವೈರೇ ಹಾಕಿಸಿ ಅಂತಲೂ ಹೇಳಿದೆ. ಅವರು ತಲೆಯಾಡಿಸುತ್ತಾ ಟೇಪನ್ನು ಹಲ್ಲಿನಲ್ಲಿ ಹರಿದು, ಸುಟ್ಟ ಬೆರಳಿಗೆ ನಾಲ್ಕು ಸುತ್ತು ಸುತ್ತಿಕೊಂಡರು. ನೀರು ಬಿದ್ದರೂ ಇದು ಬಿಡುವುದಿಲ್ಲವಂತೆ.

ವೈರಿಗೆ ಬ್ಯಾಂಡೇಜು, ಬೆರಳಿಗೆ ಇನ್ಸುಲೇಷನ್ ಟೇಪು. ಇವರ ಕೈಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಜನರ ಧೈರ್ಯಕ್ಕೆ ಮೊದಲು ಸನ್ಮಾನ ಮಾಡಬೇಕು.

ಎರಡು ಬಾಯಿಯ ವೈರು

ಹಬ್ಬಕ್ಕೆ ಸೊರಬಕ್ಕೆ ಹೋಗಿದ್ದೆ. ಅಣ್ಣನ ಮನೆಯ ಪಕ್ಕದಲ್ಲಿ ಒಬ್ಬ ಇನ್ಶೂರೆನ್ಸ್ ಏಜೆಂಟ್. ಮನುಷ್ಯನ ಜೀವ ನೀರ ಮೇಲಿನ ಗುಳ್ಳೆ ಅಂತ ದಿನಕ್ಕೆ ಹತ್ತು ಜನಕ್ಕೆ ಹೇಳಿ ಹೊಟ್ಟೆ ಹೊರೆಯುವವರು. ನಾನು ಬಂದದ್ದು ಗೊತ್ತಾಗಿ ಬೇಲಿಯ ಹತ್ತಿರ ಬಂದರು. ಅವರ ಮನೆಯಲ್ಲಿ ಯುಪಿಎಸ್ ಲೈನು ಹಾಲಿಗೆ ಮಾತ್ರ ಇದೆ. ಕರೆಂಟ್ ಹೋದರೆ ಅಡುಗೆಮನೆ ಕತ್ತಲು. ಹಾಲಿನ ಸಾಕೆಟ್ಟಿನಿಂದ ಅಡುಗೆಮನೆಯ ಸಾಕೆಟ್ಟಿಗೆ ಕರೆಂಟ್ ಕೊಡಲು, ಎರಡೂ ತುದಿಗೆ ಪ್ಲಗ್ ಇರುವ ವೈರು ಬೇಕಂತೆ.

ಅಂಥದ್ದನ್ನು ಯಾರೂ ಮಾರುವುದಿಲ್ಲ, ಮಾರಲೂಬಾರದು ಅಂದೆ. ಒಂದು ತುದಿ ಸಾಕೆಟ್ಟಿಗೆ ಹಾಕಿದ ಕೂಡಲೇ ಇನ್ನೊಂದು ತುದಿಯ ಪಿನ್ನುಗಳಲ್ಲಿ ಕರೆಂಟ್ ಬಂದು ನಿಂತಿರುತ್ತದೆ, ಬರೀ ಹಿತ್ತಾಳೆ, ಮುಚ್ಚಳ ಇಲ್ಲ ಏನಿಲ್ಲ, ಅದು ವೈರಲ್ಲ, ಹಾವು ಅಂದೆ. ಅವರು ನಕ್ಕರು.

"ನಾ ಹುಷಾರಿಂದ ಹಿಡ್ಕೋತೀನಿ ಮಾರಾಯ್ತಿ. ನಾನೇನು ಸಣ್ಣ ಮಗುವಾ?"

ನಾನು ಊರಿಗೆ ವಾಪಸಾದ ಮೇಲೆ ತಾವೇ ಕೂತು ಅಂಥದ್ದೊಂದು ತಯಾರಿಸಿದ್ದಾರೆ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಒಂದು ಬಾಯಿಯನ್ನು ಹಾಲಿನ ಸಾಕೆಟ್ಟಿಗೆ ಚುಚ್ಚಿ, ಇನ್ನೊಂದನ್ನು ಹಿತ್ತಲ ಬಾಗಿಲಿನಿಂದ ಸುತ್ತು ಹಾಕಿ ಅಡುಗೆಮನೆಯ ಕಿಟಕಿಗೆ ಒಯ್ಯುತ್ತಿದ್ದರು. ಅಷ್ಟರಲ್ಲಿ ಫೋನ್ ಬಂತು. ಪಾಲಿಸಿ ಮಾಡಿಸುವವನದ್ದು. ಇಂಥ ಕರೆ ಬಿಡುವುದುಂಟೇ? ಕೈಲಿದ್ದ ತುದಿಯನ್ನು ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯ ಮೇಲೆ ನೇತುಹಾಕಿ, ತೆಂಗಿನಮರದ ಬುಡದಲ್ಲಿ ನಿಂತು, ಬದುಕಿನ ಅನಿಶ್ಚಿತತೆಯ ಬಗ್ಗೆ ಮಾತಿಗೆ ಶುರು ಮಾಡಿದರು.

ಆ ತಂತಿಯ ಮೇಲೆ ಅವರದೇ ಒದ್ದೆ ಲುಂಗಿ ಒಣಗುತ್ತಿತ್ತು. ಹೆಂಡತಿ ಅದನ್ನು ತಿರುವಿ ಹಾಕಲು ಬಂದರು. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದದ್ದು ಅವರ ಪುಣ್ಯ. ಲುಂಗಿ ಮುಟ್ಟಿದ್ದೇ ತಡ, ಕೂಗಿಕೊಂಡು ಹಿಂದಕ್ಕೆ ಬಿದ್ದರು. ನನ್ನ ಅಣ್ಣ ಓಡಿಹೋಗಿ, ಯಾರನ್ನೂ ಮುಟ್ಟದೆ ನೇರ ಹಾಲಿಗೆ ನುಗ್ಗಿ ಪ್ಲಗ್ ಕಿತ್ತ. ಅದೊಂದು ಬುದ್ಧಿ ನನ್ನ ಸಹವಾಸದಿಂದ ಬಂದಿದೆ ಅವನಿಗೆ. ಆಮೇಲೆ ಕತ್ತರಿ ತಂದು ಆ ವೈರನ್ನು ಗೇಣುದ್ದದ ತುಂಡು ತುಂಡು ಮಾಡಿ ಹಾಕಿದ. ಏಜೆಂಟ್ ಅಲ್ಲಿಯವರೆಗೂ ಫೋನ್ ಕಿವಿಯಿಂದ ತೆಗೆದಿರಲಿಲ್ಲವಂತೆ.

ಸುದ್ದಿ ಕೇಳಿ ಕೇರಿಯ ಹೆಂಗಸರೆಲ್ಲ ನೋಡಲು ಹೋದರು. ಆಕೆ ಕಾಫಿ ಕುಡಿಯುತ್ತಾ ಎಲ್ಲರಿಗೂ ಒಂದೇ ಮಾತು ಹೇಳಿದರು ಅಂತ ಅತ್ತಿಗೆ ಫೋನಿನಲ್ಲಿ ನಗುತ್ತಾ ಹೇಳಿದಳು. "ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೀನಿ ಮಾರಾಯ್ತಿ. ಇವರ ಲುಂಗಿ ಮುಟ್ಟಿ ಮೈ ಜುಂ ಅಂದಿದ್ದು ಇದೇ ಮೊದಲು."

ಧಾರಾವಾಹಿ

ಊರವರನ್ನಷ್ಟೇ ಆಡಿಕೊಂಡರೆ ನ್ಯಾಯವಲ್ಲ. ನಮ್ಮ ಮನೆಯದೂ ಇದೆ.

ಊರಿನ ಮನೆಗಳಿಗೆಲ್ಲ ಬೆಳಕು ಕೊಡುವ ನಮ್ಮ ಯಜಮಾನರು ನಮ್ಮ ಬಚ್ಚಲಿನ ಲೈಟು ಸರಿ ಮಾಡಲು ಒಂದೂವರೆ ವರ್ಷ ತೆಗೆದುಕೊಂಡರು. ಕೊನೆಗೊಂದು ಸಂಜೆ ಸ್ಟೂಲು ಹತ್ತಿದರು. ಮೇನ್ ಆಫ್ ಮಾಡಿದ್ದರು, ಸುಳ್ಳು ಹೇಳಬಾರದು. ಆದರೆ ಆಫ್ ಮಾಡಿದ್ದೇನೆ ಅಂತ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಒಂದು ಚೀಟಿ ಅಂಟಿಸಲಿಲ್ಲ. ನಾನು ಅಂಗಡಿಯಲ್ಲಿದ್ದೆ. ನಮ್ಮತ್ತೆಯವರ ಧಾರಾವಾಹಿಯ ಹೊತ್ತು ಅದು. ಟಿವಿ ಹತ್ತಲಿಲ್ಲ. ಅವರು ಮೆಲ್ಲಗೆ ಎದ್ದು ಮೇನ್ ಹತ್ತಿರ ಹೋಗಿ ಮೇಲೆತ್ತಿ, ಬಂದು ಕೂತರು.

ಬಚ್ಚಲಿನಲ್ಲಿ ಯಜಮಾನರ ಕೈ ಬರೀ ವೈರಿನ ಮೇಲಿತ್ತು. ಸ್ಟೂಲು ಮರದ್ದು, ಅದಕ್ಕೇ ಬದುಕಿದರು. ಕೈ ಜಾಡಿಸಿಕೊಂಡು, ಸ್ಟೂಲು ಬಕೆಟ್ಟು ಸಮೇತ ನೆಲಕ್ಕೆ ಬಿದ್ದರು. ಆ ಸದ್ದಿಗೆ ಪಕ್ಕದ ಮನೆಯವರು ಹೊರಗೆ ಬಂದರಂತೆ. ನೆಲದಲ್ಲಿ ಬಿದ್ದುಕೊಂಡೇ ಇವರು, ಅವ್ವಾ, ಮೇನ್ ಯಾರು ಹಾಕಿದ್ದು, ಬಾ ಇಲ್ಲಿ ಅಂತ ಕೂಗಿದರು.

ಒಳಗಿನಿಂದ ನಮ್ಮತ್ತೆ ಉತ್ತರ ಕೊಟ್ಟರು. "ಬಂದೆ ತಡಿಯೋ. ಜಾಹೀರಾತು ಬರ್ಲಿ."

ಹೂವಿನ ಕಾವಲು

ಇದು ಇತ್ತೀಚಿನದು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರೊಬ್ಬರು ಊರಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದಾರೆ. ಕಾಂಪೌಂಡಿನ ಮೇಲೆ ಕಬ್ಬಿಣದ ಗ್ರಿಲ್ಲು, ಅದರ ಒಳಗೆ ದಾಸವಾಳ, ಕಣಗಿಲೆ, ನಂದಬಟ್ಟಲು. ಆದರೆ ಅವರ ಮನೆಯ ದೇವರಿಗೆ ಒಂದು ಹೂವೂ ಸಿಗುವುದಿಲ್ಲ. ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೋಗುವ ಭಕ್ತರು ಕೈ ಚಾಚಿ ಎಲ್ಲ ಕಿತ್ತುಕೊಂಡು ಹೋಗಿರುತ್ತಾರೆ.

ಅವರು ನನ್ನ ಅಂಗಡಿಗೆ ಬಂದು, ಗಂಡಸರು ಯಾರೂ ಇಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಂಡು, ಗ್ರಿಲ್ಲಿಗೆ ಕೊಡಲು ಒಂದು ಸಣ್ಣ ಕರೆಂಟಿನ ವ್ಯವಸ್ಥೆ ಬೇಕು ಅಂದರು. ಜೀವ ಹೋಗಬಾರದು, ಬುದ್ಧಿ ಬರಬೇಕು, ಅಷ್ಟು.

ನನ್ನ ಮೈ ಉರಿಯಿತು. ಮನೆಯ ಕರೆಂಟಿನಲ್ಲಿ ಸಣ್ಣದು ದೊಡ್ಡದು ಅಂತ ಇಲ್ಲ, ಆ ದಾರಿಯಲ್ಲಿ ಶಾಲೆ ಮಕ್ಕಳು ಗ್ರಿಲ್ಲಿನ ಮೇಲೆ ಕಡ್ಡಿ ಎಳೆದುಕೊಂಡು ಹೋಗುತ್ತಾರೆ, ಒಂದು ಮಗು ಅಂಟಿಕೊಂಡರೆ ನಿಮ್ಮ ಉಳಿದ ಆಯಸ್ಸು ಜೈಲಿನಲ್ಲಿ, ನಿಮಗೆ ಒಂದು ಗೇಣು ವೈರೂ ಕೊಡುವುದಿಲ್ಲ ಅಂದೆ. ಗಿಡ ನಮ್ಮ ಹದ್ದುಬಸ್ತಿನೊಳಗಿದೆ, ಹೂವು ಕೀಳುವುದು ಅತಿಕ್ರಮಣ ಅಂತ ಕಾನೂನು ಹೇಳುತ್ತಾ ಎದ್ದು ಹೋದರು.

ಮೂರು ದಿನಕ್ಕೆ ಅವರ ಗ್ರಿಲ್ಲಿನ ಮೇಲೆ ತಲೆಬುರುಡೆಯ ಚಿತ್ರದ ಕೆಂಪು ಬೋರ್ಡು ಬಂತು: ವಿದ್ಯುತ್ ಹರಿಯುತ್ತಿದೆ, ಮುಟ್ಟಬೇಡಿ. ಕೂಡಲೇ ಅಲ್ಲಿಗೆ ಯಜಮಾನರನ್ನು ಓಡಿಸಿದೆ. ಅವರು ಗ್ರಿಲ್ಲನ್ನೆಲ್ಲ ಪರೀಕ್ಷೆ ಮಾಡಿ ಬಂದು, ಕರೆಂಟೂ ಇಲ್ಲ ಗಿರೆಂಟೂ ಇಲ್ಲ, ಬರೀ ಬೋರ್ಡು ಅಂದರು. ಸರಿ, ಬೋರ್ಡಿನಿಂದ ಯಾರೂ ಸಾಯುವುದಿಲ್ಲ ಅಂತ ಸುಮ್ಮನಾದೆ.

ಬೋರ್ಡು ಕೆಲಸ ಮಾಡಿತು, ಅತಿಯಾಗಿ ಮಾಡಿತು. ವಾಕಿಂಗಿನವರು ರಸ್ತೆಯ ಆಚೆ ಬದಿಗೆ ಹೋದರು. ಹಾಲಿನವನು ಗೇಟು ಮುಟ್ಟದೆ ಪ್ಯಾಕೆಟ್ಟನ್ನು ಒಳಗೆ ಎಸೆದು ಒಡೆದ. ಸಿಲಿಂಡರಿನವನು ಸಿಲಿಂಡರನ್ನು ಚರಂಡಿಯ ಪಕ್ಕ ಇಟ್ಟು ಹೋದ. ಪೂಜೆಗೆ ಬಂದ ಪುರೋಹಿತರು ರಸ್ತೆಯಲ್ಲೇ ನಿಂತು, ಮೊದಲು ಯಜಮಾನರು ಬಂದು ಗೇಟು ಮುಟ್ಟಿ ತೋರಿಸಲಿ ಅಂದರು. ಶಿರಸ್ತೇದಾರರು ಇದನ್ನೆಲ್ಲ ಸಹಿಸಿದರು. ಹೂವಿಗಾಗಿ ಅಲ್ಲವೇ.

ಆದರೆ ಹೂವು ಮಾತ್ರ ದಿನಾ ಖಾಲಿಯಾಗುತ್ತಲೇ ಇತ್ತು.

ಯಾರು ಅಂತ ಹಿಡಿಯಲು ಒಂದು ಬೆಳಿಗ್ಗೆ ಅವರು ಪರದೆಯ ಹಿಂದೆ ಕೂತರು. ಆರು ಗಂಟೆಗೆ ಹಿಂದಿನ ಬೀದಿಯ ಒಬ್ಬ ಅಜ್ಜಿ ಬಂದಳು. ಬುಟ್ಟಿ ಕೆಳಗಿಟ್ಟಳು. ಸೊಂಟದಿಂದ ಒಂದು ಟೆಸ್ಟರ್ ತೆಗೆದಳು. ಅದರ ಹಿಂದಿನ ತಲೆಗೆ ಬೆರಳೊತ್ತಿ, ತುದಿಯನ್ನು ಗ್ರಿಲ್ಲಿಗೆ ತಾಗಿಸಿ, ಒಳಗಿನ ದೀಪ ಹತ್ತುತ್ತದೋ ಇಲ್ಲವೋ ಅಂತ ಕಣ್ಣು ಕಿರಿದು ಮಾಡಿ ನೋಡಿದಳು. ಗೇಟಿನ ಹತ್ತಿರ ಒಂದು ಸಲ, ಮೂಲೆಯಲ್ಲಿ ಒಂದು ಸಲ. ಟೆಸ್ಟರನ್ನು ಮತ್ತೆ ಸೊಂಟಕ್ಕೆ ಸಿಗಿಸಿಕೊಂಡು, ಬುಟ್ಟಿ ತುಂಬಾ ಹೂವು ಕಿತ್ತುಕೊಂಡು, ನಡೆದಳು.

ಶಿರಸ್ತೇದಾರರು ಅಂಗಡಿ ತೆರೆಯುವ ಹೊತ್ತಿಗೇ ಬಂದು ನಿಂತಿದ್ದರು. ಮುಖ ಕೆಂಪಗಾಗಿತ್ತು.

"ಆ ಮುದುಕಿಗೆ ಟೆಸ್ಟರ್ ಮಾರಿದ್ದು ಯಾರಮ್ಮ?"

ನಾನೇ ಅಂದೆ. ಹದಿನೈದು ದಿನದ ಹಿಂದೆ ಬಂದಿದ್ದಳು. ಕರೆಂಟ್ ಇದೆಯೋ ಇಲ್ಲವೋ ಅಂತ ಮುಟ್ಟುವ ಮೊದಲು ತಿಳಿಯುವುದು ಹೇಗೆ ತಂಗಿ ಅಂತ ಕೇಳಿದಳು. ಇಷ್ಟು ವರ್ಷದ ವ್ಯಾಪಾರದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಗಿರಾಕಿ ಅವಳು. ಸಂತೋಷಕ್ಕೆ ಚಹಾ ತರಿಸಿ ಕೊಟ್ಟು, ಹಿಡಿಯುವುದು ಹೇಗೆ, ಮೊದಲು ಕರೆಂಟ್ ಇರುವ ಕಡೆ ಇಟ್ಟು ಟೆಸ್ಟರ್ ಸರಿ ಇದೆಯೋ ನೋಡುವುದು ಹೇಗೆ, ಎಲ್ಲ ಕೂರಿಸಿ ಹೇಳಿಕೊಟ್ಟೆ. ಯಾತಕ್ಕೆ ಅಂತ ಕೇಳಲಿಲ್ಲ, ಅದೊಂದು ತಪ್ಪು ನನ್ನದು. ಈ ಎರಡು ತಾಲ್ಲೂಕಿನಲ್ಲಿ ನಾನು ಹೇಳಿದ್ದನ್ನು ಅಕ್ಷರ ಬಿಡದೆ ಪಾಲಿಸುತ್ತಿರುವ ಗಿರಾಕಿ ಅವಳೊಬ್ಬಳೇ, ಅವಳೂ ಕಳ್ಳಿ.

ಶಿರಸ್ತೇದಾರರು ಇದನ್ನೆಲ್ಲ ತಲೆಯಾಡಿಸುತ್ತಾ ಕೇಳಿಸಿಕೊಂಡರು. ಇನ್ನೇನು ಬುದ್ಧಿ ಬಂತು, ಬೋರ್ಡು ಕಿತ್ತುಹಾಕುತ್ತಾರೆ ಅಂದುಕೊಂಡೆ. ಅವರು ಅತ್ತಿತ್ತ ನೋಡಿ, ಕೌಂಟರಿನ ಮೇಲೆ ಬಗ್ಗಿ, ದನಿ ತಗ್ಗಿಸಿ ಕೇಳಿದರು.

"ಜಾಸ್ತಿ ಬೇಡಮ್ಮ. ಆ ಟೆಸ್ಟರ್ ಹತ್ತೋವಷ್ಟು ಮಾತ್ರ ಕರೆಂಟ್ ಕೊಡೋದಕ್ಕೆ ಏನಾದ್ರೂ ಸಿಗ್ತದಾ?"